ಮೂಗು ಮುಚ್ಚಿಕೊಂಡು ಹಾಕಿದ ವೋಟಿಗೆ ಬೆಲೆ ಕೊಟ್ಟವರು ಯಾರು?

"ಮೂಗು ಮುಚ್ಚಿಕೊಂಡು ವೋಟು ಹಾಕಿ ಬಂದೆ."

2016ರಲ್ಲಿ ಅಮೆರಿಕದ ಎಷ್ಟೋ ಸಂಪ್ರದಾಯವಾದಿ ಮತದಾರರು ಹೇಳಿದ ಮಾತಿದು. ಪಕ್ಷ ನಮ್ಮದೇ, ಆದ್ರೆ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿರೋ ಆಸಾಮಿ ಗಬ್ಬು ನಾರ್ತಿದ್ದಾನೆ, ಏನು ಮಾಡೋದು, ಮೂಗು ಮುಚ್ಚಿಕೊಂಡು ಡೊನಾಲ್ಡ್ ಟ್ರಂಪ್‌ಗೆ ಹಾಕಿದೆ ಅಂತ. 2020ರಲ್ಲೂ ಹೇಳಿದರು, 2024ರಲ್ಲೂ ಹೇಳಿದರು. ಅವರ ಈ "ಧರ್ಮಸಂಕಟ"ದ ಬಗ್ಗೆ ಮರುಕದ ಬರಹಗಳು ಬರ್ತಾನೇ ಇವೆ. ನಮ್ಮ ಗೆಳೆಯರಲ್ಲೂ ಕೆಲವರು "ಪಾಪ, ಎಂಥಾ ಇಕ್ಕಟ್ಟು ನೋಡಿ" ಅಂತ ಒಂದು ಸಾಲು ಸೇರಿಸಿ ಹಂಚಿಕೊಳ್ತಾರೆ.

ಗೆಳೆಯರೇ, ಮೂಗು ಮುಚ್ಚಿಕೊಳ್ಳೋರು ನಮಗೆ ಹೊಸಬರಲ್ಲ. ನಮ್ಮ ಕೇರಿ ದಾಟುವಾಗ ಮೂಗಿಗೆ ಪಂಚೆ ತುದಿ ಹಿಡಿದು ಹೋದವರನ್ನು ನಮ್ಮ ಅಜ್ಜಂದಿರು ನೋಡಿದ್ದಾರೆ. ಮೂಗು ಮುಚ್ಚಿಕೊಂಡವನ ಕಷ್ಟ ಕೇರಿ ದಾಟೋವರೆಗೆ ಮಾತ್ರ. ಆ ಗುಂಡಿಯೊಳಗೆ ಇಳಿಯೋನ ಕಷ್ಟ ಬೇರೆ. ಆದ್ರೆ ಇತಿಹಾಸ ಬರೆಯೋರು ಯಾವಾಗಲೂ ಮೂಗಿನ ಕಷ್ಟವನ್ನೇ ಬರೀತಾರೆ. ಅದಕ್ಕೇ ಈ ಅಮೆರಿಕದ ಧರ್ಮಸಂಕಟದ ಕತೆಯನ್ನ ಒಂದು ಸಲ ಗುಂಡಿಯೊಳಗೆ ನಿಂತು ಓದೋಣ ಅಂತ ಬರೀತಿದ್ದೀನಿ. ಉದ್ದ ಇದೆ, ತಾಳ್ಮೆ ಇರಲಿ.

ಮೊದಲು ನ್ಯಾಯವಾಗಿ ಹೇಳಬೇಕಾದ್ದು ಹೇಳಿಬಿಡ್ತೀನಿ. ಆ ಮತದಾರರೆಲ್ಲ ಜನಾಂಗದ್ವೇಷಿಗಳು, ಅವರ ಸಂಕಟವೆಲ್ಲ ನಾಟಕ ಅಂತ ನಾನು ಹೇಳ್ತಿಲ್ಲ. ಕಡಿಮೆ ತೆರಿಗೆ, ಸಣ್ಣ ಸರ್ಕಾರ, ಚರ್ಚು, ಕುಟುಂಬ ಅಂತ ನಂಬಿಕೊಂಡು ಜೀವಮಾನವಿಡೀ ರಿಪಬ್ಲಿಕನ್ ಪಕ್ಷಕ್ಕೆ ಹಾಕಿದ ಮನುಷ್ಯನನ್ನ ಊಹಿಸಿಕೊಳ್ಳಿ. ಗರ್ಭಪಾತ ಅಂದ್ರೆ ಕೊಲೆ ಅಂತ ಅವನು ಮನಸಾರೆ ನಂಬಿದ್ದಾನೆ. ಅವನ ಮುಂದೆ ಪಕ್ಷ ತಂದು ನಿಲ್ಲಿಸಿದ್ದು ಯಾರನ್ನ? ಮೂರು ಮದುವೆಯಾದ ಕ್ಯಾಸಿನೊ ಮಾಲೀಕನನ್ನ. ಮೆಕ್ಸಿಕೊದಿಂದ ಬರೋರಲ್ಲಿ ಅತ್ಯಾಚಾರಿಗಳಿದ್ದಾರೆ ಅಂತ ಹೇಳಿ ಪ್ರಚಾರ ಶುರು ಮಾಡಿದವನನ್ನ. ಮುಸ್ಲಿಮರು ದೇಶದೊಳಗೆ ಬರೋದನ್ನೇ ತಡೀತೀನಿ ಅಂದವನನ್ನ.

ಪಕ್ಷದೊಳಗೇ ಗಲಾಟೆ ಎದ್ದಿತ್ತು. 2016ರ ಜನವರಿಯಲ್ಲಿ ಸಂಪ್ರದಾಯವಾದಿಗಳ ಹಳೇ ಪತ್ರಿಕೆ ನ್ಯಾಷನಲ್ ರಿವ್ಯೂ ಟ್ರಂಪ್ ವಿರುದ್ಧವೇ ವಿಶೇಷ ಸಂಚಿಕೆ ತಂತು. 2012ರಲ್ಲಿ ಅದೇ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದ ಮಿಟ್ ರಾಮ್ನಿ ಮಾರ್ಚ್‌ನಲ್ಲಿ ಭಾಷಣ ಮಾಡಿ, ಈತ ಮೋಸಗಾರ ಅಂದ. ಜುಲೈನಲ್ಲಿ ಟೆಡ್ ಕ್ರೂಸ್ ಪಕ್ಷದ ಸಮಾವೇಶದ ವೇದಿಕೆ ಹತ್ತಿ, ಟ್ರಂಪ್‌ಗೆ ಹಾಕಿ ಅನ್ನದೇ, ಆತ್ಮಸಾಕ್ಷಿಯಂತೆ ಹಾಕಿ ಅಂದ. ಸಭಾಂಗಣವೇ ಕೂಗಿ ಅವನನ್ನ ಕೆಳಗಿಳಿಸಿತು. ಎರಡು ತಿಂಗಳು ಕಳೆದ ಮೇಲೆ ಅದೇ ಕ್ರೂಸ್, ನಾನು ಟ್ರಂಪ್‌ಗೇ ಹಾಕ್ತೀನಿ ಅಂದ.

ಹಾಗಾದ್ರೆ ಕೊನೆಗೆ ತೂಕ ಬಿದ್ದದ್ದು ಎಲ್ಲಿ? ಸುಪ್ರೀಂ ಕೋರ್ಟಿನಲ್ಲಿ. 2016ರ ಫೆಬ್ರವರಿಯಲ್ಲಿ ಸಂಪ್ರದಾಯವಾದಿ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ತೀರಿಕೊಂಡರು. ಒಬಾಮ ಹೆಸರಿಸಿದವರ ಬಗ್ಗೆ ವಿಚಾರಣೆಯನ್ನೇ ನಡೆಸದೆ ರಿಪಬ್ಲಿಕನ್ ಸೆನೆಟ್ ಆ ಕುರ್ಚಿಯನ್ನ ವರ್ಷವಿಡೀ ಖಾಲಿ ಇಟ್ಟಿತು. ಟ್ರಂಪ್ ನ್ಯಾಯಮೂರ್ತಿಗಳ ಪಟ್ಟಿಯನ್ನೇ ಮುಂಚಿತವಾಗಿ ಪ್ರಕಟಿಸಿದ. ಅಂದ್ರೆ ವ್ಯಾಪಾರದ ಚೀಟಿ ಮೊದಲೇ ಕೈಗೆ ಸಿಕ್ಕಿತು. ಮತಗಟ್ಟೆಯ ಹೊರಗೆ ನಡೆದ ಸಮೀಕ್ಷೆಯಲ್ಲಿ ಸುಮಾರು ಐದರಲ್ಲಿ ಒಬ್ಬ ಮತದಾರ, ಸುಪ್ರೀಂ ಕೋರ್ಟ್ ನೇಮಕವೇ ನನಗೆ ಎಲ್ಲಕ್ಕಿಂತ ಮುಖ್ಯ ಅಂದ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಕಿದ್ದು ಟ್ರಂಪ್‌ಗೆ. ಬಿಳಿಯ ಇವಾಂಜೆಲಿಕಲ್ ಕ್ರೈಸ್ತರಲ್ಲಿ ಐದರಲ್ಲಿ ನಾಲ್ಕು ಜನ ಟ್ರಂಪ್‌ಗೆ ಹಾಕಿದರು. ಹೆಂಗಸರ ಮೈಗೆ ಕೈ ಹಾಕಿದ್ದನ್ನ ಆತ ಕೊಚ್ಚಿಕೊಂಡ ಟೇಪು ಚುನಾವಣೆಗೆ ಒಂದು ತಿಂಗಳ ಮುಂಚೆ ಹೊರಬಂದಿತ್ತು. ಆದರೂ ಹಾಕಿದರು.

ಇದರಲ್ಲಿ ಪಾಲ್ ರಯಾನ್ ಕತೆ ನೋಡಿ, ಇಡೀ ಧರ್ಮಸಂಕಟ ಅದರಲ್ಲಿದೆ. ಆತ ಆಗ ಅಮೆರಿಕದ ಕೆಳಮನೆಯ ಸ್ಪೀಕರ್. ಇಂಡಿಯಾನಾದಲ್ಲಿ ಹುಟ್ಟಿದ ಒಬ್ಬ ನ್ಯಾಯಾಧೀಶರನ್ನ, ಮೆಕ್ಸಿಕೊ ಮೂಲದವನು, ಇವನಿಂದ ನನಗೆ ನ್ಯಾಯ ಸಿಗಲ್ಲ ಅಂತ ಟ್ರಂಪ್ ಹೇಳಿದ. ಅದು ಪಠ್ಯಪುಸ್ತಕದಲ್ಲಿ ಕೊಡಬಹುದಾದಂಥ ಜನಾಂಗೀಯ ಮಾತು ಅಂತ ರಯಾನ್ ಬಹಿರಂಗವಾಗಿ ಒಪ್ಪಿಕೊಂಡ. ಅದೇ ಉಸಿರಿನಲ್ಲಿ, ಆದರೂ ನನ್ನ ಬೆಂಬಲ ಅವನಿಗೇ ಅಂದ. ಕಾಯಿಲೆ ಯಾವುದು ಅಂತ ಸರಿಯಾಗಿ ಹೇಳಿ, ಔಷಧಿ ಮಾತ್ರ ಕೊಡಲ್ಲ ಅನ್ನೋ ಡಾಕ್ಟರ್ ಥರ. ಅವನಿಗೆ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ಮೂಗು ಮುಚ್ಚಿಕೊಂಡೋರು ಯಾರಿಗೂ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ವಾಸನೆ ಬಂದಿದ್ದಕ್ಕೇ ತಾನೆ ಮೂಗು ಮುಚ್ಚಿದ್ದು?

ನಮ್ಮ ಪ್ರಗತಿಪರ ಗೆಳೆಯರು ಒಂದು ಮಾತು ಹೇಳ್ತಾರೆ: ಅವರು ಮೋಸ ಹೋದರು, ಟ್ರಂಪ್ ಅವರನ್ನ ಏಮಾರಿಸಿದ ಅಂತ. ಇಲ್ಲ ಸ್ವಾಮಿ. ಅವರು ಮೋಸ ಹೋಗಲಿಲ್ಲ. ಕೇಳಿದ ಸರಕು ಮನೆ ಬಾಗಿಲಿಗೆ ಬಂತು. 2017, 2018, 2020ರಲ್ಲಿ ಮೂವರು ನ್ಯಾಯಮೂರ್ತಿಗಳು ನೇಮಕ ಆದರು. 2022ರ ಜೂನ್‌ನಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕು ಹೋಯಿತು. 2023ರ ಜೂನ್‌ನಲ್ಲಿ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನ ಅದೇ ಕೋರ್ಟು ಕಿತ್ತು ಹಾಕಿತು. ಅದಾದ ಮೇಲೆ, 2024ರಲ್ಲಿ ಎಂಐಟಿ ಸೇರಿದ ಹೊಸ ವಿದ್ಯಾರ್ಥಿಗಳಲ್ಲಿ ಕಪ್ಪು ಮಕ್ಕಳ ಪಾಲು ಶೇ. 5ಕ್ಕೆ ಇಳಿಯಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅದು ಶೇ. 13ರ ಆಸುಪಾಸು ಇತ್ತು. ಮೀಸಲಾತಿ ಅನ್ನೋ ಪದ ಕೇಳಿದ್ರೆ ಬೆವರೋ ನಮ್ಮೂರಿನವರಿಗೆ ಈ ಅಂಕಿ ಖುಷಿ ಕೊಡಬಹುದು. ನಮಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಲೆಕ್ಕ ಹಾಕಿ. ಮೂಗು ಮುಚ್ಚಿಕೊಂಡವನಿಗೆ ಆದ ಖರ್ಚು ಎಷ್ಟು? ಒಂದಷ್ಟು ಮುಜುಗರ. ಆ ವೋಟಿನ ಬೆಲೆ ಕಟ್ಟಿದ್ದು ಯಾರು? 2018ರಲ್ಲಿ ಗಡಿಯಲ್ಲಿ ತಾಯಿ ಮಡಿಲಿಂದ ಬೇರೆ ಮಾಡಲ್ಪಟ್ಟ ಸಾವಿರಾರು ಮಕ್ಕಳು. ಇನ್ನೊಂದು ರಾಜ್ಯಕ್ಕೆ ಹೋಗಿ ಆಸ್ಪತ್ರೆ ಹುಡುಕೋಕೆ ದುಡ್ಡಿಲ್ಲದ ಬಡ ಹೆಂಗಸು. ಸೀಟು ಕಳಕೊಂಡ ಕಪ್ಪು ಹುಡುಗಿ. ಇವರ್ಯಾರೂ ಆ ಧರ್ಮಸಂಕಟದ ಲೇಖನಗಳಲ್ಲಿ ಬರೋದಿಲ್ಲ. ತನ್ನ ಜೇಬಿಂದ ಕೊಟ್ಟರೆ ಅದನ್ನ ತ್ಯಾಗ ಅಂತೀವಿ. ಬೇರೆಯವರ ಜೇಬಿಂದ ಕೊಟ್ಟು ತಾನು ನಿಟ್ಟುಸಿರು ಬಿಟ್ಟರೆ ಅದಕ್ಕೇನಂತೀವಿ?

ಇನ್ನೊಂದು ಗುಂಪಿದೆ, ಅವರನ್ನೂ ಮಾತಾಡಿಸಬೇಕು. ಇವರು ಟ್ರಂಪ್‌ಗೂ ಹಾಕಲ್ಲ, ಹಿಲರಿಗೂ ಹಾಕಲ್ಲ, ನನ್ನ ಕೈ ಕೊಳೆ ಮಾಡ್ಕೊಳ್ಳಲ್ಲ ಅಂದವರು. ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯೂ ಬುಷ್ ಆ ಸಾಲನ್ನ ಖಾಲಿ ಬಿಟ್ಟು ಬಂದ. ಯೂಟಾ ರಾಜ್ಯದಲ್ಲಿ ಸಂಪ್ರದಾಯವಾದಿಗಳದ್ದೇ ಒಬ್ಬ ಸ್ವತಂತ್ರ ಅಭ್ಯರ್ಥಿ ಇವಾನ್ ಮೆಕ್‌ಮಲಿನ್ ನಿಂತು ಶೇ. 21ರಷ್ಟು ವೋಟು ತಗೊಂಡ. ಆತ್ಮಸಾಕ್ಷಿಯ ಲೆಕ್ಕದಲ್ಲಿ ಇದು ದೊಡ್ಡ ಸಂಖ್ಯೆಯೇ. ಆದ್ರೆ ಯೂಟಾದ ಆರೂ ಎಲೆಕ್ಟೋರಲ್ ವೋಟು ಟ್ರಂಪ್‌ಗೇ ಹೋಯ್ತು.

ಇದಕ್ಕೆ ಕನ್ನಡದಲ್ಲಿ ಸರಿಯಾದ ಪದ ಇದೆ: ಮಡಿ. ಮಡಿಯ ಮುಖ್ಯ ಗುಣ ಏನು? ಮಡಿಯುಟ್ಟವನು ಬೇರೆಯವರನ್ನ ಕಾಪಾಡೋಕೆ ಉಡೋದಿಲ್ಲ. ತನಗೆ ಮೈಲಿಗೆ ತಾಗದಿರಲಿ ಅಂತ ಉಡ್ತಾನೆ. ಊರು ಹೊತ್ತಿ ಉರಿದರೂ ಅವನ ಪಂಚೆ ಒದ್ದೆಯಾಗಿರುತ್ತೆ. ನಮ್ಮ ದೇಶದಲ್ಲಿ 2013ರಿಂದ ನೋಟಾ ಬಂದಿದೆ. ಅದಕ್ಕೆ ಎಷ್ಟೇ ವೋಟು ಬಿದ್ದರೂ ಗೆಲ್ಲೋನು ಗೆದ್ದೇ ಗೆಲ್ತಾನೆ. ಗುಂಡಿ ಒತ್ತಿದವನಿಗೆ ಮಾತ್ರ ಸ್ನಾನ ಮಾಡಿದ ಸಮಾಧಾನ. ಅಮೆರಿಕದ ಆ ವರ್ಷದ ಚುನಾವಣೆ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ 80 ಸಾವಿರಕ್ಕೂ ಕಡಿಮೆ ವೋಟಿನ ಅಂತರದಲ್ಲಿ ತೀರ್ಮಾನವಾಯ್ತು. ಅಂಥ ಕಡೆ ಮಡಿಗೆ ಏನು ಬೆಲೆ ಅಂತ ನೀವೇ ಯೋಚನೆ ಮಾಡಿ.

ಮಡಿ ಬಾಳಿಕೆ ಬರೋದೂ ಇಲ್ಲ. ಜೆ.ಡಿ. ವಾನ್ಸ್ 2016ರಲ್ಲಿ ಟ್ರಂಪ್ ಅಂದ್ರೆ ಉರಿದು ಬೀಳ್ತಿದ್ದ, ಮೆಕ್‌ಮಲಿನ್‌ಗೆ ಹಾಕಿದ್ದೆ ಅಂತ ತಾನೇ ಹೇಳಿಕೊಂಡಿದ್ದಾನೆ. 2024ರಲ್ಲಿ ಅದೇ ವಾನ್ಸ್ ಟ್ರಂಪ್‌ನ ಉಪಾಧ್ಯಕ್ಷ ಅಭ್ಯರ್ಥಿ. ಮಿಟ್ ರಾಮ್ನಿ ಕೂಡ 2018ರಲ್ಲಿ ಸೆನೆಟ್‌ಗೆ ನಿಂತಾಗ ಟ್ರಂಪ್‌ನ ಬೆಂಬಲವನ್ನ ಧನ್ಯವಾದ ಹೇಳಿ ಸ್ವೀಕರಿಸಿದ. ಆದ್ರೆ 2020ರ ಫೆಬ್ರವರಿಯಲ್ಲಿ ಸ್ವಂತ ಪಕ್ಷದ ಅಧ್ಯಕ್ಷನನ್ನು ತಪ್ಪಿತಸ್ಥ ಅಂತ ತೀರ್ಮಾನಿಸಲು ವೋಟು ಹಾಕಿದ ಮೊದಲ ಸೆನೆಟರ್ ಕೂಡ ಆತನೇ. ಅದನ್ನ ಮರೆಯೋಕಾಗಲ್ಲ, ಯಾಕಂದ್ರೆ ಅವತ್ತು ಆತ ಸ್ವಂತ ಜೇಬಿಂದ ಕೊಟ್ಟ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಯಾಕಂದ್ರೆ ಈ ಇಕ್ಕಟ್ಟು ಟ್ರಂಪ್‌ನಿಂದ ಶುರುವಾದದ್ದಲ್ಲ. 1964ರಲ್ಲಿ ರಿಪಬ್ಲಿಕನ್ ಪಕ್ಷ ಬ್ಯಾರಿ ಗೋಲ್ಡ್‌ವಾಟರ್‌ನನ್ನ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತು. ಅದೇ ವರ್ಷ ನಾಗರಿಕ ಹಕ್ಕುಗಳ ಕಾಯ್ದೆ ಬಂದಿತ್ತು. ಹೋಟೆಲು, ಊಟದ ಅಂಗಡಿ, ಸಿನಿಮಾ ಮಂದಿರ, ಕೆಲಸದ ಜಾಗ, ಎಲ್ಲೂ ಬಣ್ಣ ನೋಡಿ ತಡೆಯೋ ಹಾಗಿಲ್ಲ ಅಂತ. ಗೋಲ್ಡ್‌ವಾಟರ್ ಅದರ ವಿರುದ್ಧ ವೋಟು ಹಾಕಿದ. ಆ ಮನುಷ್ಯ ವೈಯಕ್ತಿಕವಾಗಿ ಕಪ್ಪು ಜನರನ್ನ ದ್ವೇಷಿಸ್ತಿರಲಿಲ್ಲ, ತನ್ನೂರು ಫೀನಿಕ್ಸ್‌ನಲ್ಲಿ ಬೇರ್ಪಡಿಕೆ ಹೋಗಲಿ ಅಂತ ಕೆಲಸವನ್ನೂ ಮಾಡಿದ್ದ. ಆದ್ರೆ ಖಾಸಗಿ ಹೋಟೆಲಿನವನಿಗೆ ಕೇಂದ್ರ ಸರ್ಕಾರ ಹಿಂಗೇ ಮಾಡು ಅನ್ನೋದು ಸಂವಿಧಾನಕ್ಕೆ ವಿರುದ್ಧ ಅನ್ನೋದು ಅವನ ವಾದ. "ನಾನು ಜಾತಿ ಮಾಡಲ್ಲಪ್ಪ, ಆದ್ರೆ ಅವನ ಹೋಟೆಲು ಅವನಿಷ್ಟ" ಅಂತ ಎರಡು ಲೋಟದ ಹೋಟೆಲಿನ ಪಕ್ಕದಲ್ಲಿ ನಿಂತು ಹೇಳೋರನ್ನ ನೀವೂ ಕಂಡಿರ್ತೀರಿ. ಒಳ್ಳೆಯವರೇ. ಅವರ ಒಳ್ಳೆತನದಿಂದ ಲೋಟ ಮಾತ್ರ ಬದಲಾಗಲ್ಲ.

ಆ ವರ್ಷ ನಿಜವಾದ ಧರ್ಮಸಂಕಟ ಯಾರದ್ದು ಗೊತ್ತಾ? ಜಾಕಿ ರಾಬಿನ್ಸನ್‌ದು. 1947ರಲ್ಲಿ ಅಮೆರಿಕದ ಬೇಸ್‌ಬಾಲ್‌ನ ಬಣ್ಣದ ಬೇಲಿ ಮುರಿದು ಒಳಗೆ ಹೋದ ಆಟಗಾರ. ಆತ ರಿಪಬ್ಲಿಕನ್ ಪಕ್ಷದ ಕಡೆ ಒಲವಿದ್ದವನು, 1960ರಲ್ಲಿ ನಿಕ್ಸನ್ ಪರ ಓಡಾಡಿದವನು. ಸ್ಯಾನ್ ಫ್ರಾನ್ಸಿಸ್ಕೊದ ಆ ಸಮಾವೇಶದಲ್ಲಿ 1,300ಕ್ಕೂ ಹೆಚ್ಚು ಪ್ರತಿನಿಧಿಗಳಿದ್ದರು, ಕಪ್ಪು ಜನ ಬೆರಳೆಣಿಕೆಯಷ್ಟು. ಅಲ್ಲಿನ ಕೂಗಾಟ ನೋಡಿದ ರಾಬಿನ್ಸನ್, ಹಿಟ್ಲರನ ಜರ್ಮನಿಯಲ್ಲಿ ಯಹೂದಿಗೆ ಹೇಗನಿಸಿರಬಹುದು ಅಂತ ಈಗ ಅರ್ಥವಾಯ್ತು ಎಂಬರ್ಥದ ಮಾತು ಹೇಳಿದ. ಹೊರಗೆ ಬಂದು ಗೋಲ್ಡ್‌ವಾಟರ್ ವಿರುದ್ಧ ಡೆಮಾಕ್ರಟ್ ಜಾನ್ಸನ್ ಪರ ಕೆಲಸ ಮಾಡಿದ. ಮಿಟ್ ರಾಮ್ನಿಯ ತಂದೆ ಜಾರ್ಜ್ ರಾಮ್ನಿ ಮಿಷಿಗನ್ ಗವರ್ನರ್ ಆಗಿದ್ದು, ಆತನೂ ಗೋಲ್ಡ್‌ವಾಟರ್‌ಗೆ ಬೆಂಬಲ ಕೊಡಲಿಲ್ಲ. 1960ರಲ್ಲಿ ನಿಕ್ಸನ್‌ಗೆ ಸುಮಾರು ಮೂರನೇ ಒಂದು ಭಾಗ ಕಪ್ಪು ವೋಟು ಬಿದ್ದಿತ್ತು. 1964ರಲ್ಲಿ ಅದು ಶೇ. 6ರ ಆಸುಪಾಸಿಗೆ ಬಂತು, ಮತ್ತೆ ಏಳಲೇ ಇಲ್ಲ.

ವ್ಯತ್ಯಾಸ ನೋಡಿ. ಬಿಳಿ ಸಂಪ್ರದಾಯವಾದಿಗೆ ಅಭ್ಯರ್ಥಿ ಒಂದು ಮುಜುಗರ. ರಾಬಿನ್ಸನ್‌ಗೆ ಅದೇ ಅಭ್ಯರ್ಥಿ ತಾನು ಹೋಟೆಲಿನೊಳಗೆ ಹೋಗಬಹುದೋ ಇಲ್ಲವೋ ಅನ್ನೋ ಪ್ರಶ್ನೆ. ಅವನು ಮೂಗು ಮುಚ್ಚಿಕೊಳ್ಳೋ ಹಾಗಿರಲಿಲ್ಲ.

"ಪಕ್ಷನಿಷ್ಠೆ ಬಿಟ್ಟು ಎದುರು ಪಕ್ಷಕ್ಕೆ ಹಾಕೋದು ಸಾಧ್ಯವೇ ಇಲ್ಲ, ಮನುಷ್ಯರಿಂದ ಅಷ್ಟು ಕೇಳಬಾರದು" ಅಂತ ಹೇಳೋರಿಗೆ ಲೂಸಿಯಾನಾ ತೋರಿಸ್ತೀನಿ. 1991, ಗವರ್ನರ್ ಚುನಾವಣೆ. ಕೊನೆಯ ಸುತ್ತಿಗೆ ಉಳಿದವರು ಇಬ್ಬರು. ಒಬ್ಬ ಡೇವಿಡ್ ಡ್ಯೂಕ್, ಕು ಕ್ಲಕ್ಸ್ ಕ್ಲಾನ್‌ನ ಮಾಜಿ ಮುಖಂಡ, ರಿಪಬ್ಲಿಕನ್ ಹೆಸರಲ್ಲಿ ನಿಂತವನು. ಇನ್ನೊಬ್ಬ ಡೆಮಾಕ್ರಟ್ ಎಡ್ವಿನ್ ಎಡ್ವರ್ಡ್ಸ್, ಭ್ರಷ್ಟ ಅಂತ ಇಡೀ ರಾಜ್ಯಕ್ಕೆ ಗೊತ್ತಿದ್ದವನು, ಆಮೇಲೆ ಆ ಕಾರಣಕ್ಕೇ ಜೈಲಿಗೂ ಹೋದ. ಆ ಚುನಾವಣೆಯಲ್ಲಿ ಕಾರುಗಳ ಹಿಂದೆ ಅಂಟಿಸಿದ್ದ ಸ್ಟಿಕ್ಕರ್ ಹೇಳ್ತಿತ್ತು: ಕಳ್ಳನಿಗೆ ವೋಟು ಹಾಕಿ, ಇದು ಮುಖ್ಯ. ರಿಪಬ್ಲಿಕನ್ ಅಧ್ಯಕ್ಷನಾಗಿದ್ದ ಹಿರಿಯ ಬುಷ್ ಡ್ಯೂಕ್‌ನನ್ನ ನಮ್ಮವನಲ್ಲ ಅಂದ. ಮೊದಲ ಸುತ್ತಿನಲ್ಲಿ ಮೂರನೆಯವನಾಗಿ ಸೋತ ರಿಪಬ್ಲಿಕನ್ ಗವರ್ನರ್ ಬಡ್ಡಿ ರೋಮರ್ ತನ್ನ ಹಳೇ ವೈರಿ ಎಡ್ವರ್ಡ್ಸ್‌ಗೇ ಬೆಂಬಲ ಕೊಟ್ಟ. ಎಡ್ವರ್ಡ್ಸ್ ಶೇ. 61ರಷ್ಟು ವೋಟಿನಿಂದ ಗೆದ್ದ.

ಇಲ್ಲಿ ನಿಲ್ಲಿಸಿ ಚಪ್ಪಾಳೆ ತಟ್ಟಬೇಡಿ. ಆ ಚುನಾವಣೆಯಲ್ಲೂ ಬಿಳಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಾಕಿದ್ದು ಡ್ಯೂಕ್‌ಗೇ. ರಾಜ್ಯವನ್ನ ಉಳಿಸಿದ್ದು ಪಕ್ಷ ದಾಟಿದ ಸಂಪ್ರದಾಯವಾದಿಗಳು ಮಾತ್ರ ಅಲ್ಲ, ಸಾಲುಗಟ್ಟಿ ನಿಂತು ಹೆಚ್ಚೂಕಮ್ಮಿ ಒಂದೇ ಕಡೆ ವೋಟು ಹಾಕಿದ ಕಪ್ಪು ಜನ. ದಾಟಿದವರು ಬೇಕಿತ್ತು, ನಿಜ. ಆದ್ರೆ ಮೇಲಿನವರ ಆತ್ಮಸಾಕ್ಷಿ ಒಂದೇ ನಂಬಿಕೊಂಡಿದ್ದರೆ ಡ್ಯೂಕ್ ಗವರ್ನರ್ ಆಗ್ತಿದ್ದ. ಇದನ್ನ ನಮ್ಮ ಹುಡುಗರು ಬರೆದಿಟ್ಟುಕೊಳ್ಳಬೇಕು. ಅವರ ಹೃದಯ ಪರಿವರ್ತನೆಗೆ ಕಾಯೋ ಪಾಠವನ್ನ ನಮಗೆ ಬೇಕಾದಷ್ಟು ಸಲ ಹೇಳಿದ್ದಾರೆ. ಬಾಬಾಸಾಹೇಬರು ಅದನ್ನ ನಂಬಲಿಲ್ಲ, ಕಾನೂನು ಮತ್ತು ನಮ್ಮದೇ ರಾಜಕೀಯ ಶಕ್ತಿ ನಂಬಿದರು.

ಅಮೆರಿಕದಲ್ಲಿರೋ ನಮ್ಮವರ ವಿಷಯಕ್ಕೂ ಬರ್ತೀನಿ. 2016ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ರಿಪಬ್ಲಿಕನ್ ಹಿಂದೂ ಒಕ್ಕೂಟ ನಡೆಸಿದ ಸಭೆಗೆ ಟ್ರಂಪ್ ಬಂದ. "ಅಬ್ ಕೀ ಬಾರ್ ಟ್ರಂಪ್ ಸರ್ಕಾರ್" ಅನ್ನೋ ಜಾಹೀರಾತೂ ಬಂತು. ಅಲ್ಲಿ ಬಿಳಿಯರ ಮುಂದೆ ಅಲ್ಪಸಂಖ್ಯಾತರಾಗಿದ್ದೂ ಇಲ್ಲಿಯ ಬಹುಸಂಖ್ಯಾತರ ಅಹಂಕಾರ ಬಿಡದ ಜನ ಅವರು. ಇವರಿಗೆ ಮೂಗು ಮುಚ್ಚಿಕೊಳ್ಳೋ ಅಗತ್ಯವೂ ಬೀಳಲಿಲ್ಲ, ವಾಸನೆ ಪರಿಚಿತ.

ಹಾಗಂತ ಡೆಮಾಕ್ರಟರು ನಮ್ಮ ಮನೆ ಅಂದುಕೊಂಡರೆ ಅದೂ ಭ್ರಮೆ. ಭಾರತೀಯ ಮೂಲದ ಅಮೆರಿಕನ್ನರಲ್ಲಿ ಹೆಚ್ಚಿನವರು ಡೆಮಾಕ್ರಟರಿಗೇ ಹಾಕ್ತಾ ಬಂದಿದ್ದಾರೆ. ಕರಿಯರ ಹಕ್ಕಿನ ಬಗ್ಗೆ ಸೊಗಸಾಗಿ ಮಾತಾಡೋರೂ ಇದ್ದಾರೆ. ಆದ್ರೆ ಕ್ಯಾಲಿಫೋರ್ನಿಯಾದಲ್ಲಿ ಜಾತಿ ತಾರತಮ್ಯವನ್ನ ಹೆಸರಿಟ್ಟು ನಿಷೇಧಿಸೋ ಮಸೂದೆ ಶಾಸನಸಭೆಯ ಎರಡೂ ಮನೆಯಲ್ಲಿ ಪಾಸಾಗಿ ಬಂದಾಗ, 2023ರ ಅಕ್ಟೋಬರ್‌ನಲ್ಲಿ ಅದಕ್ಕೆ ಸಹಿ ಹಾಕದೆ ವೀಟೊ ಮಾಡಿದ್ದು ಡೆಮಾಕ್ರಟ್ ಗವರ್ನರ್ ಗ್ಯಾವಿನ್ ನ್ಯೂಸಮ್. ಈಗಿರೋ ಕಾನೂನೇ ಸಾಕು ಅಂದ. ಅಲ್ಲಿರೋ ದಲಿತ ಸಂಘಟನೆಗಳವರು ಅದಕ್ಕಾಗಿ ಉಪವಾಸ ಕೂತಿದ್ದರು. ಈಗ ಹೇಳಿ, ಅಲ್ಲಿರೋ ನಮ್ಮ ಹುಡುಗಿ ಮುಂದಿನ ಚುನಾವಣೆಯಲ್ಲಿ ಯಾರಿಗೆ ಹಾಕಬೇಕು? ಬಹುಶಃ ಡೆಮಾಕ್ರಟರಿಗೇ ಹಾಕ್ತಾಳೆ. ಅವಳ ಧರ್ಮಸಂಕಟದ ಬಗ್ಗೆ ಯಾವ ದೊಡ್ಡ ಪತ್ರಿಕೆ ಬರೆದಿದೆ?

ಇಲ್ಲಿ, ನಮ್ಮ ಕರ್ನಾಟಕದಲ್ಲಿ? ಸಂವಿಧಾನ ಬದಲಾಯಿಸೋಕೆ ಬಂದಿದ್ದೀವಿ ಅಂತ ಕೇಂದ್ರ ಮಂತ್ರಿಯಾಗಿದ್ದ ಅನಂತಕುಮಾರ ಹೆಗಡೆ 2017ರ ಡಿಸೆಂಬರ್‌ನಲ್ಲಿ ಹೇಳಿದರು, ಆಮೇಲೆ ಲೋಕಸಭೆಯಲ್ಲಿ ಕ್ಷಮೆ ಕೇಳಿದರು. 2019ರಲ್ಲಿ ಉತ್ತರ ಕನ್ನಡದಿಂದ 4 ಲಕ್ಷ 79 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಆ ವೋಟುಗಳಲ್ಲಿ "ಆ ಮಾತು ನನಗೂ ಹಿಡಿಸಲಿಲ್ಲ, ಆದ್ರೆ ದೇಶ ನೋಡಬೇಕಲ್ಲ" ಅಂದವರು ಎಷ್ಟೋ ಜನ ಇದ್ದಿರಬೇಕು. ಸಭ್ಯರು, ಅಂಬೇಡ್ಕರ್ ಜಯಂತಿಗೆ ಹಾರ ಹಾಕೋರು. ಅವರೂ ಪಾಲ್ ರಯಾನ್ ಹಾಗೇ, ತಪ್ಪು ಅಂತ ಒಪ್ಪಿಕೊಂಡೇ ಹಾಕಿದವರು.

ನಾವು? ನಾವೂ ಕಾಂಗ್ರೆಸ್ಸಿಗೆ ಮೂಗು ಮುಚ್ಚಿಕೊಂಡು ಹಾಕ್ತಾ ಬಂದಿಲ್ವಾ ಅಂತ ಯಾರಾದರೂ ಕೇಳ್ತೀರಿ. ಕೇಳಲೇಬೇಕು. 2023-24ರಲ್ಲಿ ಪರಿಶಿಷ್ಟರ ಉಪಯೋಜನೆಗಳ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಹಣವನ್ನ ಗ್ಯಾರಂಟಿಗಳಿಗೆ ತೋರಿಸಿದ್ದು ನಾವೇ ಗೆಲ್ಲಿಸಿದ ಸರ್ಕಾರ. ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನ ಮರೆಸೋಕೆ ಬಿಡಬೇಡಿ. ದಲಿತ ಮತದಾರ ಕಡಿಮೆ ಕೆಟ್ಟದ್ದನ್ನ ಆರಿಸಿಕೊಂಡಾಗ ಅದರ ಬೆಲೆಯನ್ನ ತಾನೇ ಕಟ್ಟುತ್ತಾನೆ, ತನ್ನ ಮಗಳ ಹಾಸ್ಟೆಲಿನಲ್ಲಿ, ತನ್ನ ಕಾಲೋನಿಯ ನೀರಿನಲ್ಲಿ. 1932ರ ಪೂನಾ ಒಪ್ಪಂದಕ್ಕೆ ಸಹಿ ಹಾಕಿದ ದಿನದಿಂದ ನಮ್ಮ ಪ್ರತಿಯೊಂದು ವೋಟೂ ಅಂಥ ಇಕ್ಕಟ್ಟಿನದೇ. ವಿಧಾನಸಭೆಯ 36 ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಗಳಲ್ಲೂ ಯಾರು ನಮ್ಮ ಪ್ರತಿನಿಧಿ ಅಂತ ತೀರ್ಮಾನಿಸೋರಲ್ಲಿ ಹೆಚ್ಚಿನವರು ನಾವಲ್ಲ. ನಮ್ಮ ಇಕ್ಕಟ್ಟನ್ನ ಯಾರೂ ಧರ್ಮಸಂಕಟ ಅನ್ನಲಿಲ್ಲ. "ದುಡ್ಡು ತಗೊಂಡು ವೋಟು ಹಾಕೋ ಜನ" ಅಂದರು.

ಅದಕ್ಕೇ ಸಂಪ್ರದಾಯವಾದಿ ಗೆಳೆಯರಿಗೆ, ಅಮೆರಿಕದವರಿರಲಿ ಇಲ್ಲಿಯವರಿರಲಿ, ನನ್ನದು ಒಂದೇ ಪ್ರಶ್ನೆ. ನಿಮ್ಮ ನಂಬಿಕೆ ಬಿಡಿ ಅಂತ ನಾನು ಕೇಳ್ತಿಲ್ಲ. ನಿಮ್ಮ ಪಕ್ಷ ಬಿಡಿ ಅಂತಲೂ ಅಲ್ಲ. ನಿಮ್ಮ ಅಭ್ಯರ್ಥಿ ಗೆದ್ದರೆ ಮೊದಲು ಪೆಟ್ಟು ತಿನ್ನೋದು ಯಾರು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಪಟ್ಟಿಯಲ್ಲಿ ನಿಮ್ಮ ಹೆಸರು, ನಿಮ್ಮ ಮಕ್ಕಳ ಹೆಸರು ಇದೆಯಾ? ಇಲ್ಲ ಅಂದ್ರೆ ದಯವಿಟ್ಟು ಆತ್ಮಸಾಕ್ಷಿ ಅನ್ನೋ ದೊಡ್ಡ ಪದ ಬಳಸಬೇಡಿ. ಲಾಭ ಅಂತ ಹೇಳಿ, ನಾವು ಜಗಳ ಆಡೋದಕ್ಕಾದರೂ ಅನುಕೂಲ ಆಗುತ್ತೆ.

ನಮ್ಮವರಿಗೆ ಹೇಳೋದು ಇಷ್ಟೇ. ಇನ್ನೊಬ್ಬರ ಮೂಗಿನ ಕಷ್ಟಕ್ಕೆ ಕಣ್ಣೀರು ಹಾಕೋ ಪೋಸ್ಟುಗಳನ್ನ ಶೇರ್ ಮಾಡೋ ಮುಂಚೆ, ಅದರಲ್ಲಿ ಗುಂಡಿಗಿಳಿದವರ ಹೆಸರಿದೆಯಾ ಅಂತ ನೋಡಿ. ಇಲ್ಲದಿದ್ದರೆ ಕಾಮೆಂಟಿನಲ್ಲಿ ನೀವೇ ಬರೆಯಿರಿ. ವೋಟರ್ ಪಟ್ಟಿಯಲ್ಲಿ ನಮ್ಮ ಕೇರಿಯವರ ಹೆಸರು ಇದೆಯಾ ಅಂತಾನೂ ಈ ವಾರವೇ ಹೋಗಿ ನೋಡಿ. ಲೂಸಿಯಾನಾದಲ್ಲಿ ಡ್ಯೂಕ್‌ನನ್ನ ತಡೆದದ್ದು ಆ ಕೆಲಸ.

ಜೈಭೀಮ್.